ಹಲ್ಲಿನ ಡಾಕ್ಟರ ಭಯಕ್ಕೆ ಆಟವೋ, ಮೊಬೈಲೋ, ಗ್ಯಾಸೋ: ಇಬ್ಬರು ಮಕ್ಕಳೊಡನೆ ಮಾಡಿ ನೋಡಿದ್ದು

ದಾವಣಗೆರೆಯಲ್ಲಿ ನಾವು ಈಗ ಹೋಗುವ ಹಲ್ಲಿನ ಕ್ಲಿನಿಕ್ಕು ಮಹಡಿಯ ಮೇಲಿದೆ. ಹತ್ತಲು 18 ಮೆಟ್ಟಿಲು. ಮಗ ಮೊದಲ ಸಲ ಅಲ್ಲಿಗೆ ಬಂದಾಗ ಮೂರನೇ ಮೆಟ್ಟಿಲಲ್ಲೇ ಕಂಬಿ ಹಿಡಿದು ಕೂತುಬಿಟ್ಟ. ಆಗ ಅವನಿಗೆ ಆರೂವರೆ ವರ್ಷ. ಅವನಿಗೂ, ನಾಲ್ಕು ವರ್ಷದ ಅವನ ತಂಗಿಗೂ ಭಯ ಬಿಡಿಸಲು ಏನೇನು ಮಾಡಿದೆವು, ಯಾವುದು ಎಷ್ಟು ಕೆಲಸಕ್ಕೆ ಬಂತು ಅಂತ ಹೋಲಿಸಿ ಬರೆಯುತ್ತಿದ್ದೇನೆ. ಕುರ್ಚಿಯಲ್ಲಿ ಅವತ್ತು ಅತ್ತರೋ ಬಿಟ್ಟರೋ ಅದನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಮುಂದಿನ ಸಲ ಆ ಮೆಟ್ಟಿಲನ್ನು ಹೇಗೆ ಹತ್ತಿದರು, ಅದೊಂದೇ ನನ್ನ ಅಳತೆ.

ಮೊದಲು ಮಾಡಿದ್ದು ಎಲ್ಲರ ಮನೆಯಲ್ಲೂ ಮಾಡುವಂಥದ್ದೇ. ಮಗನ ಕೆಳದವಡೆಯ ಒಂದು ಹಾಲುಹಲ್ಲು ಹುಳುಕಾಗಿ, ತಣ್ಣಗಿನದು ಕುಡಿದರೆ ಜುಮ್ಮೆನ್ನುತ್ತಿತ್ತು. ಮನೆ ಹತ್ತಿರದ ಬೇರೊಂದು ಕ್ಲಿನಿಕ್ಕಿಗೆ ಹೊರಟೆವು. "ಏನೂ ಮಾಡಲ್ಲ ಪುಟ್ಟಾ, ಬರೀ ನೋಡ್ತಾರೆ, ಆಮೇಲೆ ಐಸ್‌ಕ್ರೀಂ ತಿನ್ನೋಣ" ಅಂದವಳು ನಾನೇ. ಅಲ್ಲಿ ಬರೀ ನೋಡಲಿಲ್ಲ. ನಮ್ಮ ಯಜಮಾನರು ಕಾಲು ಹಿಡಿದರು, ನಾನು ಕೈ ಹಿಡಿದೆ, ಸಿಸ್ಟರ್ ತಲೆ ಹಿಡಿದರು. ಇಪ್ಪತ್ತು ನಿಮಿಷದಲ್ಲಿ ಫಿಲ್ಲಿಂಗ್ ಮುಗಿಯಿತು. ಆ ಫಿಲ್ಲಿಂಗ್ ಇವತ್ತಿಗೂ ಗಟ್ಟಿಯಾಗಿದೆ, ಕೆಲಸದ ಬಗ್ಗೆ ತಕರಾರಿಲ್ಲ. ಆದರೆ ಮುಂದಿನ ವಾರ ಕಟಿಂಗ್ ಮಾಡಿಸಲು ಹೋದಾಗ ಸಲೂನಿನವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದ್ದೇ ತಡ, ಮಗ ಚೀರಿಕೊಂಡು ಎದ್ದು ರಸ್ತೆಗೆ ಓಡಿದ. ಐಸ್‌ಕ್ರೀಂ ಕೊಡಿಸ್ತೀನಿ ಅಂದರೂ ಅನುಮಾನದಿಂದ ನನ್ನ ಮುಖ ನೋಡುತ್ತಿದ್ದ. ಸುಳ್ಳು ಹೇಳಿ ಕರೆದೊಯ್ದರೆ ಒಂದು ಸಲದ ಕೆಲಸ ಆಗುತ್ತದೆ, ನಿಜ. ಎರಡನೇ ಸಲಕ್ಕೆ ಮಗು ಡಾಕ್ಟರನ್ನೂ ನಂಬುವುದಿಲ್ಲ, ನಮ್ಮನ್ನೂ ನಂಬುವುದಿಲ್ಲ.

ಐದಾರು ತಿಂಗಳಿಗೆ ಇನ್ನೊಂದು ಬದಿಯ ದವಡೆ ಹಲ್ಲು ರಾತ್ರಿ ಹೊತ್ತು ನೋಯತೊಡಗಿತು. "ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ" ಎಂದು ಹೇಳಿದವರು ಬಹಳ. ಆದರೆ ಹಾಲಿನ ದವಡೆ ಹಲ್ಲುಗಳು ಬೀಳುವುದು 9ರಿಂದ 12 ವರ್ಷಕ್ಕೆ. ಅಲ್ಲಿಯವರೆಗೆ ಅಗಿಯುವುದೂ ಅವುಗಳದೇ ಕೆಲಸ, ಕೆಳಗೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಅವುಗಳದೇ ಕೆಲಸ. ಅಷ್ಟು ವರ್ಷ ತಡೆಯುವ ಹಾಗಿರಲಿಲ್ಲ. ಈ ಸಲ ಮಕ್ಕಳ ಹಲ್ಲಿನ ತಜ್ಞೆಯನ್ನು ಹುಡುಕಿಕೊಂಡು ಹೋದೆವು. ಬಿಡಿಎಸ್ ಆದ ಮೇಲೆ ಮಕ್ಕಳ ಹಲ್ಲಿನ ಬಗ್ಗೆಯೇ ಮೂರು ವರ್ಷ ಎಂಡಿಎಸ್ ಓದಿದವರು. ಆ 18 ಮೆಟ್ಟಿಲು ಅವರ ಕ್ಲಿನಿಕ್ಕಿನದು.

ಮೂರನೇ ಮೆಟ್ಟಿಲಲ್ಲಿ ಕೂತ ಮಗನ ಹತ್ತಿರ ಡಾಕ್ಟರಮ್ಮನೇ ಇಳಿದು ಬಂದರು. ಕೋಟಿರಲಿಲ್ಲ, ಮಾಸ್ಕೂ ಇರಲಿಲ್ಲ. ಅಲ್ಲೇ ಕೂತು ಅವನ ಶೂಸಿನ ಬಗ್ಗೆ ಮಾತಾಡಿದರು. ನೋವಿಗೆ ಔಷಧ ಬರೆದುಕೊಟ್ಟು, "ಇವತ್ತು ಇಷ್ಟೇ, ಶನಿವಾರ ಬೆಳಿಗ್ಗೆ ಬನ್ನಿ, ಅಷ್ಟರಲ್ಲಿ ಮನೇಲಿ ಡಾಕ್ಟರಾಟ ಆಡಿ" ಅಂತ ಕಳಿಸಿದರು. ಬೆಳಿಗ್ಗೆಯೇ ಏಕೆಂದರೆ, ಸಂಜೆ ಶಾಲೆ ಮುಗಿಸಿ ಬಂದ ಮಗುವಿಗೆ ತಾಳ್ಮೆ ಉಳಿದಿರುವುದಿಲ್ಲವಂತೆ. ಇದು ನಮ್ಮಿಬ್ಬರೂ ಮಕ್ಕಳಲ್ಲಿ ನಿಜವಾಯಿತು.

ಡಾಕ್ಟರಾಟ ಎಂದರೆ ದುಡ್ಡು ಬೇಡುವ ದಾರಿಯಲ್ಲ. ಒಂದು ಸ್ಟೀಲ್ ಚಮಚ, ಒಂದು ಟಾರ್ಚ್, ಮಲಗಲು ದಿಂಬು. ಮೊದಲು ಅವನು ಡಾಕ್ಟರು, ನಾನು ಪೇಷಂಟು. ನಾನು ಬಾಯಿ ತೆರೆದೆ. ಮಗ ನನ್ನ ಎರಡೂ ಕೈಗಳನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಚಮಚವನ್ನು ವಸಡಿಗೆ ತಾಗಿಸುತ್ತಾ "ಏನೂ ಮಾಡಲ್ಲ, ಬರೀ ನೋಡ್ತೀನಿ, ಸುಮ್ನಿರು" ಅಂದ. ನಾನು ಅವತ್ತು ಹೇಳಿದ ಅದೇ ಮಾತು, ಅದೇ ಧ್ವನಿ. ನನಗೆ ಕಣ್ಣು ತುಂಬಿ ಬಂತು. ಅವನಿಗೆ ಏನಾಗಿತ್ತು ಎಂಬುದು ನನಗೆ ತಿಳಿದದ್ದೇ ಆ ಆಟದಲ್ಲಿ. ನಾನು ಹೇಳಿದೆ, "ನಂಗೆ ನೋವಾದ್ರೆ ಎಡಗೈ ಎತ್ತುತೀನಿ, ಆಗ ನೀನು ನಿಲ್ಲಿಸ್ಬೇಕು." ಎತ್ತಿದೆ, ನಿಲ್ಲಿಸಿದ. ಆಮೇಲೆ ಅವನು ಪೇಷಂಟಾದ. ಹತ್ತು ಹನ್ನೊಂದು ಸಲ ಕೈ ಎತ್ತಿದ, ಪ್ರತಿ ಸಲವೂ ನಾನು ಚಮಚ ಹಿಂದೆ ತೆಗೆದೆ. ನಿಜವಾಗಿ ನಿಲ್ಲಿಸುತ್ತಾಳಾ ಎಂದು ಪರೀಕ್ಷೆ ಮಾಡುತ್ತಿದ್ದ.

ಆ ವಾರದಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. "ಆ ವಾಸನೆ ಬಂದ್ರೆ ಹೊಟ್ಟೆ ಒಂಥರಾ ಆಗುತ್ತೆ" ಅಂದ. ನಮ್ಮತ್ತೆ ಡಬ್ಬಿಯಿಂದ ಒಂದು ಲವಂಗ ತಂದು ಚಿವುಟಿ ಅವನ ಮೂಗಿಗೆ ಹಿಡಿದರು. "ಇದಾ?" ಅದೇ. ಹಲ್ಲಿನ ಕ್ಲಿನಿಕ್ಕಿನ ಆ ವಾಸನೆ ಬರುವುದು ಲವಂಗದೆಣ್ಣೆಯಲ್ಲಿರುವ ಯೂಜಿನಾಲ್‌ನಿಂದ. ಅದನ್ನು ಜಿಂಕ್ ಆಕ್ಸೈಡ್ ಪುಡಿಯ ಜೊತೆ ಕಲಸಿ ತಾತ್ಕಾಲಿಕ ಸಿಮೆಂಟು ಮಾಡುತ್ತಾರೆ. ಅಜ್ಜಿಯ ಪಲಾವಿನ ವಾಸನೆಯೇ ಅದು ಎಂದು ಗೊತ್ತಾದ ಮೇಲೆ ಮಗ ಜೇಬಿನಲ್ಲಿ ಎರಡು ಲವಂಗ ಇಟ್ಟುಕೊಂಡು ಹೊರಟ. ಶನಿವಾರ 18 ಮೆಟ್ಟಿಲನ್ನೂ ತಾನೇ ಹತ್ತಿದ, ನನ್ನ ಕೈ ಹಿಡಿದುಕೊಂಡು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಅನುಸರಿಸಿದ್ದು "ಹೇಳು, ತೋರಿಸು, ಮಾಡು" ಎಂಬ ಕ್ರಮ. ಅಡೆಲ್‌ಸ್ಟನ್ ಎಂಬವರು 1959ರಲ್ಲಿ ಹೇಳಿಕೊಟ್ಟದ್ದು, ಮಕ್ಕಳ ದಂತವೈದ್ಯರು ಇವತ್ತಿಗೂ ಮೊದಲು ಕಲಿಯುವುದು ಇದನ್ನೇ. ತಿರುಗುವ ಬ್ರಷ್ಷನ್ನು ಮೊದಲು ಹೆಸರು ಹಿಡಿದು ಹೇಳಿದರು, ಆಮೇಲೆ ಅವನ ಉಗುರಿನ ಮೇಲೆ ತಿರುಗಿಸಿ ತೋರಿಸಿದರು, ಆಮೇಲೆ ಹಲ್ಲಿಗೆ ತಾಗಿಸಿದರು. ಎಂಜಲು ಎಳೆಯುವ ಪೈಪನ್ನು ಲೋಟದ ನೀರಿಗೆ ಹಾಕಿಸಿ ಅವನ ಕೈಯಲ್ಲೇ ಹಿಡಿಸಿದರು. ನನಗೂ ಒಂದು ಮಾತು ಹೇಳಿದರು. "ನೀವು ಹೆದರಬೇಡ ಹೆದರಬೇಡ ಅಂತಿದ್ರೆ ಹೆದರೋಕೆ ಏನೋ ಇದೆ ಅಂತ ಅವನಿಗೆ ಗೊತ್ತಾಗುತ್ತೆ. ಕಾಲ ಹತ್ರ ಕಾಣೋ ಹಾಗೆ ಕೂತ್ಕೊಳ್ಳಿ, ಮಾತು ನಾನೊಬ್ಬಳೇ ಆಡ್ತೀನಿ." ನೋವಾಗಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. "ಹಲ್ಲನ್ನು ಮಲಗಿಸ್ತೀನಿ. ಇರುವೆ ಕಚ್ಚಿದ ಹಾಗಾಗುತ್ತೆ, ನಾನು ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ" ಅಂದರು, ಜೋಮು ಹಿಡಿಸುವ ಜೆಲ್ಲನ್ನು ಮೊದಲೇ ಹಚ್ಚಿ ಕಾದರು, ಹತ್ತು ಎಣಿಸಿದರು, ಮುಗಿಸಿದರು. ಮನೆಯ ಆಟ ಮತ್ತು ಈ ಕ್ರಮ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದಿಲ್ಲದೆ ಇನ್ನೊಂದು ಅರ್ಧ. ಮನೆಯಲ್ಲಿ ಕೈ ಎತ್ತುವುದನ್ನು ಕಲಿಸಿ, ಅಲ್ಲಿ ಕೈ ಎತ್ತಿದಾಗ ಡ್ರಿಲ್ ನಿಲ್ಲಿಸದ ಡಾಕ್ಟರಾಗಿದ್ದರೆ ಮಗನ ಪಾಲಿಗೆ ಅದೂ ಇನ್ನೊಂದು ಸುಳ್ಳಾಗುತ್ತಿತ್ತು. ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಬಿಡಿ: ಮಗು ಕೈ ಎತ್ತಿದರೆ ನಿಲ್ಲಿಸುತ್ತೀರಾ?

ಮೊಬೈಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹಲ್ಲು ಕ್ಲೀನ್ ಮಾಡಿಸುವಾಗ, ಎಕ್ಸ್‌ರೇ ತೆಗೆಯುವಾಗ ಕಾರ್ಟೂನ್ ಸಾಕು. ಡ್ರಿಲ್ಲಿನ ಸದ್ದು ಶುರುವಾದ ಕೂಡಲೇ ಮಗನ ಕಣ್ಣು ಪರದೆಯಿಂದ ಕಿತ್ತುಕೊಂಡು ಡಾಕ್ಟರ ಕೈಗೆ ಹೋಗುತ್ತಿತ್ತು. ಅದಕ್ಕಿಂತ ಕೆಲಸಕ್ಕೆ ಬಂದದ್ದು ಅತ್ತೆಯ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡ ಕಥೆ. ಒಂದೇ ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಡಾಕ್ಟರ ಮಾತಿಗೆ. ಸದ್ದು ಅರ್ಧ ಮುಚ್ಚಿಹೋಗುತ್ತಿತ್ತು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

ಈ ನಡುವೆ ಖರ್ಚು ಉಳಿಯಲೆಂದು ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೂ ಹೋಗಿ ಬಂದೆವು. ದೊಡ್ಡ ಕೋಣೆಯಲ್ಲಿ ಸಾಲಾಗಿ ಕುರ್ಚಿಗಳು. ಕಾಯುವುದು ಹೆಚ್ಚು, ಪ್ರತಿ ಹಂತದಲ್ಲೂ ವಿದ್ಯಾರ್ಥಿಗಳು ಮೇಡಂಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಆದರೆ ಅವರ ತಾಳ್ಮೆ ದೊಡ್ಡದು, ದುಡ್ಡು ಕ್ಲಿನಿಕ್ಕಿನ ಕಾಲುಭಾಗವೂ ಆಗಲಿಲ್ಲ. ಅಲ್ಲಿ ಕ್ಲಿನಿಕ್ಕಿನಲ್ಲಿ ಸಿಗದ ಒಂದು ಲಾಭವಿದೆ. ಪಕ್ಕದ ಕುರ್ಚಿಯಲ್ಲಿ ಮಗನ ವಯಸ್ಸಿನ ಹುಡುಗಿಯೊಬ್ಬಳು ಕಾಲಾಡಿಸುತ್ತಾ ಹಲ್ಲು ತೋರಿಸುತ್ತಿದ್ದಳು. ಮಗ ಅವಳನ್ನೇ ನೋಡುತ್ತಾ ನಿಂತ. ನಾನು ಎಷ್ಟು ಹೇಳಿದರೂ ಬಾರದ ಧೈರ್ಯ ಐದು ನಿಮಿಷದಲ್ಲಿ ಬಂತು. ಅದೇ ಜಾಗದಲ್ಲಿ ಒಂದು ಮಗು ಕಿರುಚಿ ಅಳುತ್ತಿದ್ದರೆ ಅದೂ ಅಷ್ಟೇ ಬೇಗ ಅಂಟುತ್ತದೆ. ಒಳಗೆ ಕರೆದೊಯ್ಯುವ ಮೊದಲು ನೀವೊಮ್ಮೆ ಇಣುಕಿ ನೋಡಿ ಬನ್ನಿ.

ಇನ್ನು ಗ್ಯಾಸ್, ಅಂದರೆ ಭಯ ತಗ್ಗಿಸಲು ಮೂಗಿನಿಂದ ಎಳೆದುಕೊಳ್ಳುವ ನಗೆ ಅನಿಲ. ಮಗನ ಹಲ್ಲಿನ ಹುಳುಕು ನರದವರೆಗೂ ಇಳಿದಿತ್ತು. ನರ ಮುಟ್ಟದ ಹುಳುಕಾಗಿದ್ದರೆ ಹಾಲ್ ಟೆಕ್ನಿಕ್ ಎಂದು ಒಂದಿದೆ, ಸ್ಕಾಟ್ಲೆಂಡಿನ ನಾರ್ನಾ ಹಾಲ್ ಎಂಬ ದಂತವೈದ್ಯೆಯ ಹೆಸರಿನದು: ಸೂಜಿಯಿಲ್ಲ, ಡ್ರಿಲ್ಲಿಲ್ಲ, ಸ್ಟೀಲ್ ಕ್ಯಾಪನ್ನು ಸಿಮೆಂಟಿನಿಂದ ಹಲ್ಲಿನ ಮೇಲೆ ಕೂರಿಸಿಬಿಡುತ್ತಾರೆ. ನಮಗೆ ಆ ಅವಕಾಶ ತಪ್ಪಿತ್ತು. ಹಾಲುಹಲ್ಲಿನ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕಿತ್ತು, ಅದಕ್ಕೆ ನಗೆ ಅನಿಲ. ನೈಟ್ರಸ್ ಆಕ್ಸೈಡನ್ನು ಆಮ್ಲಜನಕದ ಜೊತೆ ಬೆರೆಸಿ ಮೂಗಿನ ಮಾಸ್ಕಿನಿಂದ ಕೊಡುತ್ತಾರೆ. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನೇ ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡಿದ್ದ, ಅಷ್ಟು ಹಳೆಯದು. ಮಗು ನಿದ್ದೆ ಹೋಗುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಮೈ ಹಗುರಾಗುತ್ತದೆ ಅಷ್ಟೇ. "ಕಾಲು ತೇಲ್ತಿದೆ ಅಮ್ಮ" ಅಂದ ಮಗ. ಮುಗಿದ ಮೇಲೆ ಐದು ನಿಮಿಷ ಬರೀ ಆಮ್ಲಜನಕ ಕೊಟ್ಟು ಕುರ್ಚಿಯಿಂದ ಇಳಿಸಿದರು.

ಗ್ಯಾಸ್ ಇದ್ದರೂ ಸೂಜಿ ತಪ್ಪುವುದಿಲ್ಲ, ಹಲ್ಲಿಗೆ ಜೋಮು ಹಿಡಿಸಲೇಬೇಕು. ಮೂಗಿನಿಂದ ಉಸಿರಾಡಬೇಕು. ಮೊದಲು ಕೊಟ್ಟ ದಿನಾಂಕಕ್ಕೆ ಮಗನಿಗೆ ನೆಗಡಿಯಾಗಿ ಒಂದು ವಾರ ಮುಂದೆ ಹಾಕಿದರು. ಆ ವಾರವೆಲ್ಲ ಸಂಜೆ ದೇವರಿಗೆ ತಂದ ಮಲ್ಲಿಗೆಯನ್ನು ಬಾಯಿ ಮುಚ್ಚಿಕೊಂಡು ಮೂಸುವ ಅಭ್ಯಾಸ ಮಾಡಿಸಿದೆವು. ಅಳುತ್ತಿರುವ ಮಗು ಮಾಸ್ಕನ್ನೇ ಕಿತ್ತೆಸೆಯುತ್ತದೆ, ಆದ್ದರಿಂದ ಆಟದ ಬದಲಿಗೆ ಗ್ಯಾಸ್ ಎಂದುಕೊಳ್ಳಬೇಡಿ, ಆಟದ ನಂತರ ಗ್ಯಾಸ್. ನಮಗೆ ಒಂದು ಸಲಕ್ಕೆ 2,500 ರೂಪಾಯಿ ಹೆಚ್ಚುವರಿ ಬಿತ್ತು. ಅಷ್ಟು ಉದ್ದದ ಕೆಲಸಕ್ಕೆ ಅದು ಸಾರ್ಥಕ, ಸಣ್ಣ ಫಿಲ್ಲಿಂಗಿಗೆ ಬೇಡ. ಇನ್ನೊಂದು ಎಚ್ಚರ: ಮನೆಗೆ ಬಂದ ಮೇಲೆ ಎರಡು ಮೂರು ಗಂಟೆ ತುಟಿಗೆ ಜೋಮು ಇರುತ್ತದೆ, ಮಕ್ಕಳು ತಿಳಿಯದೆ ತುಟಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಕಣ್ಣಿಟ್ಟಿರಬೇಕು, ಅಗಿಯುವಂಥದ್ದೇನೂ ಕೊಡಬಾರದು. ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ದಾರಿಯೂ ಇದೆ, ತೀರ ಚಿಕ್ಕ ಮಕ್ಕಳಿಗೆ, ಬಾಯ್ತುಂಬ ಹುಳುಕಿದ್ದವರಿಗೆ. ನಾವು ಮಾಡಿಸಿಲ್ಲ, ಹಾಗಾಗಿ ಹೋಲಿಸುವುದಿಲ್ಲ.

ಮಗಳದು ಬೇರೆಯೇ ಕಥೆ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿ ಮೇಲಿನ ಮುಂಭಾಗದ ಹಲ್ಲುಗಳು ಹುಳುಕಾಗಿದ್ದವು, ನೋವಿರಲಿಲ್ಲ. ಅವಳಿಗೆ ಎಸ್‌ಡಿಎಫ್ ಹಚ್ಚಿದರು, ಅಂದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್, ಶೇ. 38ರ ದ್ರವ. ಹಲ್ಲು ಒರೆಸಿ, ಪುಟ್ಟ ಬ್ರಷ್ಷಿನಿಂದ ಒಂದು ಹನಿ ಹಚ್ಚಿ, ಒಂದು ನಿಮಿಷ ಬಿಟ್ಟರು, ಆಯಿತು. ಬೆಳ್ಳಿ ಕ್ರಿಮಿಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ, ಹೆಚ್ಚಿನ ಸಲ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಹುಳುಕಾದ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಅತ್ತೆಗೆ ಅದು ಸಂಕಟ. "ಹೆಣ್ಣುಮಗು, ನಕ್ಕರೆ ಕಪ್ಪು ಕಾಣುತ್ತಲ್ಲಮ್ಮ" ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಏಳನೇ ವರ್ಷಕ್ಕೆ ಬಿದ್ದುಹೋಗುವ ಹಲ್ಲಿನ ಬಣ್ಣಕ್ಕಾಗಿ ನಾಲ್ಕು ವರ್ಷದ ಮಗುವನ್ನು ಡ್ರಿಲ್ಲಿಗೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಈ ನಿರ್ಧಾರವನ್ನು ನಾನು ಇನ್ನೊಮ್ಮೆಯೂ ಮಾಡುತ್ತೇನೆ.

ನನ್ನನ್ನು ಕೇಳಿದರೆ, ನೋವಿಲ್ಲದ ಮಗುವಿಗೆ ಮನೆಯಾಟ ಮತ್ತು ಏನೂ ಮಾಡಿಸದೆ ಬರುವ ಒಂದು ಭೇಟಿ. ಮೊದಲ ಹಲ್ಲು ಬಂದ ಮೇಲೆ, ಮಗುವಿಗೆ ಒಂದು ವರ್ಷ ತುಂಬುವುದರೊಳಗೇ ಒಮ್ಮೆ ತೋರಿಸಿ ಎಂದು ಮಕ್ಕಳ ದಂತವೈದ್ಯರು ಹೇಳುವುದು ಇದಕ್ಕೇ, ನಾವು ಅದನ್ನು ಕೇಳಿಸಿಕೊಂಡಿರಲಿಲ್ಲ. ನೋವಿದ್ದು ದೊಡ್ಡ ಕೆಲಸ ಬಾಕಿಯಿದ್ದರೆ ಒಂದು ವಾರದ ಆಟ, ಆಮೇಲೆ ಗ್ಯಾಸ್. ದುಡ್ಡು ಕಷ್ಟವಾದರೆ ದಂತ ಕಾಲೇಜು, ಬೆಳಗಿನ ಹೊತ್ತು. ಮೊಬೈಲು ಜೊತೆಗಿರಲಿ, ಅದನ್ನೇ ನಂಬಬೇಡಿ. ಬಹುಮಾನ ಕೊಡುವುದಾದರೆ ಮುಗಿದ ಮೇಲೆ ಕೊಡಿ, ಮೊದಲೇ ಹೇಳಿ ಆಸೆ ತೋರಿಸಬೇಡಿ. ಮತ್ತೆ ಊಟ ಬಿಟ್ಟರೆ, ಹಠ ಮಾಡಿದರೆ "ಡಾಕ್ಟರ ಹತ್ರ ಸೂಜಿ ಹಾಕಿಸ್ತೀನಿ" ಎನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡದಿರಲಿ. ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಲು ಎಲ್ಲರಿಗೂ ಒಂದೊಂದು ಸಲ ನೆನಪಿಸಬೇಕಾಯಿತು.

ಮಗ ಈಗಲೂ ಪ್ರತಿ ಭೇಟಿಯಲ್ಲಿ ಒಮ್ಮೆ ಸುಮ್ಮನೆ ಎಡಗೈ ಎತ್ತುತ್ತಾನೆ. ನೋವೇನೂ ಇರುವುದಿಲ್ಲ. ಡಾಕ್ಟರಮ್ಮ ನಿಲ್ಲಿಸುತ್ತಾರೆ, ಅವನು ಒಂದು ಕ್ಷಣ ಅವರನ್ನು ನೋಡಿ ಮತ್ತೆ ಬಾಯಿ ತೆರೆಯುತ್ತಾನೆ. ಮುಂದಿನ ತಿಂಗಳು ಮಗಳಿಗೆ ಎರಡನೇ ಸಲ ಎಸ್‌ಡಿಎಫ್ ಹಚ್ಚಿಸಬೇಕು. ಜೇಬಿಲ್ಲದ ಫ್ರಾಕು, ಲವಂಗ ಎಲ್ಲಿ ಇಟ್ಟುಕೊಳ್ಳುವುದು ಎಂದು ಅಣ್ಣನನ್ನು ಈಗಿನಿಂದಲೇ ಕೇಳುತ್ತಿದ್ದಾಳೆ.