ಸಲಹೆ ಕೊಡದ ಕೌನ್ಸೆಲರ್‌ಗೆ ನಾಲ್ಕು ಸ್ಟಾರ್

ಆತಂಕಕ್ಕೆ ಅಂತ ಆನ್‌ಲೈನ್‌ನಲ್ಲಿ ತೆಗೆದುಕೊಂಡ ಕೌನ್ಸೆಲಿಂಗ್ ಬಗ್ಗೆ ಈ ರಿವ್ಯೂ. "ಏನು ಮಾಡಬೇಕು ಹೇಳಿಬಿಡಿ, ಸಾಕು" ಅನ್ನುವವರಿಗೆ ಇವರು ಮೊದಮೊದಲು ಇಷ್ಟ ಆಗುವುದಿಲ್ಲ.

ಇವರಿಗಿಂತ ಮುಂಚೆ ಬೇರೊಬ್ಬರ ಹತ್ತಿರ ಹೋಗುತ್ತಿದ್ದೆ. ತುಂಬಾ ಒಳ್ಳೆಯವರು, ರಾತ್ರಿ ಮೆಸೇಜ್ ಹಾಕಿದರೂ ಉತ್ತರ ಬರುತ್ತಿತ್ತು, ಆಫೀಸಿನಲ್ಲಿ ಯಾರಿಗೆ ಏನು ಹೇಳಬೇಕು ಅನ್ನುವುದನ್ನೂ ಅವರೇ ಬರೆದು ಕಳಿಸುತ್ತಿದ್ದರು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ "ಏನೂ ಆಗಲ್ಲ ಬಿಡಿ" ಅಂತ ಹೇಳಿಸಿಕೊಂಡರೆ ಭಯ ಆ ಹೊತ್ತಿಗೆ ಇಳಿಯುತ್ತದೆ ಅಷ್ಟೇ. ಮತ್ತೆ ಬಂದಾಗ ಮತ್ತೆ ಹೇಳಿಸಿಕೊಳ್ಳಬೇಕು, ಆಮೇಲೆ ಅದಿಲ್ಲದೆ ಆಗುವುದೇ ಇಲ್ಲ ಅನ್ನುವ ಹಾಗಾಗುತ್ತದೆ.

ಈ ಹೊಸ ಕೌನ್ಸೆಲರ್ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ನಮ್ಮ ಯೋಚನೆ, ನಡವಳಿಕೆಯನ್ನು ನಾವೇ ಪರೀಕ್ಷಿಸಿ ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆ) ಕಲಿತವರು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಪದ್ಧತಿ ಅದು. ಬಂದವರು ಕೊನೆಗೆ ತಮಗೆ ತಾವೇ ಥೆರಪಿಸ್ಟ್ ಆಗಬೇಕು ಅನ್ನುವುದೇ ಅದರ ಗುರಿ. ಹಾಗಾಗಿ ಹೋಮ್‌ವರ್ಕ್ ಜಾಸ್ತಿ: ಏನಾಯಿತು, ಆಗ ತಲೆಗೆ ಬಂದ ಯೋಚನೆ ಏನು, ಅದಕ್ಕೆ ಪುರಾವೆ ಇದೆಯಾ, ಬೇರೆ ಥರ ನೋಡಬಹುದಾ, ಎಲ್ಲ ಬರೆಯಬೇಕು. ಫೋನ್ ಮಾಡಲು ಭಯ ಅಂದರೆ "ಇದ್ದುದರಲ್ಲಿ ಸುಲಭದ ಕರೆ ಯಾವುದು?" ಅಂತ ಕೇಳಿ, ಸುಲಭದಿಂದ ಕಷ್ಟಕ್ಕೆ ಪಟ್ಟಿಯನ್ನು ನಮ್ಮ ಕೈಯಲ್ಲೇ ಮಾಡಿಸುತ್ತಾರೆ. ಉತ್ತರ ಹುಡುಕುತ್ತಿರುವಾಗ ಮಧ್ಯೆ ಬಾಯಿ ಹಾಕುವುದಿಲ್ಲ. ಒಮ್ಮೆ ನನಗೆ ನೆಟ್ ಹೋಯಿತೇನೋ ಅನ್ನಿಸಿತು, ಅಷ್ಟು ಹೊತ್ತು ಸುಮ್ಮನಿದ್ದರು!

ಸ್ವಲ್ಪ ಸುಧಾರಿಸಿದ ಮೇಲೆ, ವಾರಕ್ಕೊಮ್ಮೆ ಇದ್ದ ಸೆಷನ್ನನ್ನು ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ ಅವರಾಗಿಯೇ ತಳ್ಳಿದರು. ತಮ್ಮ ಸಂಪಾದನೆಯನ್ನು ತಾವೇ ಕಡಿಮೆ ಮಾಡಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಎಲ್ಲ ಸಂದರ್ಭಕ್ಕೂ ಈ ರೀತಿ ಸರಿಹೋಗುವುದಿಲ್ಲ. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಅಥವಾ ಮನೆಯಲ್ಲಿ ಹೊಡೆತ ತಿನ್ನುತ್ತಿದ್ದರೆ "ನೀವೇ ಯೋಚಿಸಿ" ಅಂತ ಕೂರುವಂತಿಲ್ಲ, ನೇರವಾಗಿ ಸಹಾಯ ಮಾಡಲೇಬೇಕು. ಇವರು ಅದನ್ನು ಶುರುವಿನಲ್ಲೇ ಹೇಳಿ, ತುರ್ತಿಗೆ ಯಾರಿಗೆ ಕರೆ ಮಾಡಬೇಕು ಅಂತ ಬರೆದೂ ಕೊಟ್ಟಿದ್ದರು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆಂದರೆ, ಸಲಹೆ ಯಾಕೆ ಕೊಡುವುದಿಲ್ಲ ಅನ್ನುವುದನ್ನು ಮಾತ್ರ ಮೊದಲ ದಿನ ಹೇಳಲಿಲ್ಲ. ಇವರಿಗೆ ನನ್ನ ವಿಷಯದಲ್ಲಿ ಆಸಕ್ತಿಯೇ ಇಲ್ಲ ಅನ್ನಿಸಿ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದೆ. ಪಾಪ, ಇನ್ನೆಷ್ಟು ಜನ ಹಾಗೆ ಬಿಟ್ಟು ಹೋಗಿದ್ದಾರೋ. ಬುಕ್ ಮಾಡುವವರು ಮೊದಲ ಸೆಷನ್‌ನಲ್ಲೇ ಕೇಳಿಬಿಡಿ: ನಿಮ್ಮ ಕೆಲಸ ಏನು, ನನ್ನ ಕೆಲಸ ಏನು, ಯಾವಾಗ ನಿಲ್ಲಿಸುತ್ತೇವೆ? ಕೇಳಿದರೆ ಬಿಡಿಸಿ ಹೇಳುತ್ತಾರೆ. ಕೇಳದಿದ್ದರೆ ಹೇಳುವುದಿಲ್ಲ.