"ಫಿಕ್ಸ್ ಮ್ಯಾಚ್, 100% ಪಕ್ಕಾ" ಅಂತ ಮೆಸೇಜ್ ಬಂದ್ರೆ ಮೊದ್ಲು ಇದನ್ನ ಓದಿ, ನಾನು ಟೋಪಿ ಹಾಕಿಸ್ಕೊಂಡಾಗಿದೆ

ಬರೀಲೋ ಬೇಡ್ವೋ ಅಂತ ಎರಡು ವಾರ ಒದ್ದಾಡಿದೆ. ನಾಚಿಕೆ ಆಗತ್ತೆ ಕಣ್ರೀ, ನಿಜವಾಗ್ಲೂ ನಾಚಿಕೆ ಆಗತ್ತೆ. ಆದ್ರೆ ಫುಟ್ಬಾಲ್ ಬೆಟ್ಟಿಂಗ್ ಟಿಪ್ಸ್ ಅಂತ ನಂಗೆ ಟೋಪಿ ಹಾಕಿದ ಮನುಷ್ಯ ಇವತ್ತಿಗೂ ಅದೇ ದಂಧೆ ಮಾಡ್ಕೊಂಡು ಆರಾಮಾಗಿದಾನೆ, ಇನ್ನೊಬ್ರು ಹಳ್ಳಕ್ಕೆ ಬೀಳೋದಕ್ಕಿಂತ ನನ್ನ ಮರ್ಯಾದೆ ಹೋದ್ರೂ ಪರ್ವಾಗಿಲ್ಲ ಅಂತ ಬರೀತಿದೀನಿ.

ಒಂದು ವಿಷ್ಯ ಮೊದ್ಲೇ ಹೇಳಿಬಿಡ್ತೀನಿ. ನಾನು ಫುಟ್ಬಾಲ್ ಗೊತ್ತಿಲ್ದೇ ಇರೋನಲ್ಲ. ಹದಿನಾಲ್ಕು ವರ್ಷದಿಂದ ಪ್ರೀಮಿಯರ್ ಲೀಗ್ ನೋಡ್ತಿದೀನಿ, ಯಾವ ಟೀಂ ಹೋಮ್‌ನಲ್ಲಿ ಹೆಂಗೆ ಆಡತ್ತೆ, ಯಾವ ಕೋಚ್ ಲೀಡ್ ಬಂದ್ಮೇಲೆ ಡಿಫೆನ್ಸ್‌ಗೆ ಇಳೀತಾನೆ ಎಲ್ಲಾ ಬಾಯಲ್ಲೇ ಇರತ್ತೆ. ಆಫ್‌ಸೈಡ್ ಅಂದ್ರೇನು ಅಂತ ಗೊತ್ತಿಲ್ದೋನು ಮೋಸ ಹೋದ್ರೆ ಪಾಪ ಅನ್ಬೋದು. ನಾನು ಎಲ್ಲಾ ಗೊತ್ತಿದೆ ಅಂದ್ಕೊಂಡಿದ್ದೋನು. ಅದೇ ಹೊಟ್ಟೆ ಉರಿಯೋದು.

ಶುರುವಾಗಿದ್ದು ಹೀಗೆ. ಫುಟ್ಬಾಲ್ ಟಿಪ್ಸ್ ಕೊಡೋ ಒಂದು ಚಾನೆಲ್‌ಗೆ ಸೇರಿದ್ದೆ, ಅಲ್ಲಿಂದ ಅಡ್ಮಿನ್ ಅಂತ ಒಬ್ಬ ಪರ್ಸನಲ್ ಆಗಿ ಮೆಸೇಜ್ ಮಾಡಿದ. "ಸರ್, ದುಡ್ಡು ಏನೂ ಬೇಡ, ನಾಲ್ಕು ಮ್ಯಾಚ್ ಫ್ರೀ ಕೊಡ್ತೀನಿ, ಬೆಟ್ಟೂ ಕಟ್ಬೇಡಿ, ಸುಮ್ನೆ ನೋಡಿ." ಎಷ್ಟು ಸಭ್ಯ ಅಂತೀರಾ. ದುಡ್ಡು ಕೇಳಿದ್ರೆ ಅವತ್ತೇ ಬ್ಲಾಕ್ ಮಾಡ್ತಿದ್ದೆ.

ಮೊದಲನೇದು ಹೋಮ್ ವಿನ್, ಅಂದ್ರೆ ತನ್ನೂರಲ್ಲಿ ಆಡೋ ಟೀಂ ಗೆಲ್ಲತ್ತೆ ಅಂದ, ಆಯ್ತು. ಸರಿ, ಯಾರ್ ಬೇಕಾದ್ರೂ ಹೇಳ್ತಾರೆ ಬಿಡು ಅಂದ್ಕೊಂಡೆ. ಎರಡನೇದು ಡ್ರಾ ಅಂದ. ಡ್ರಾ ಆಯ್ತು! ನಾನು ಬಿದ್ದಿದ್ದು ಇಲ್ಲೇ. ಮ್ಯಾಚ್ ನೋಡೋರಿಗೆ ಗೊತ್ತು, ಗೆಲ್ಲೋದು ಯಾರು ಅಂತ ಹೇಳೋದು ಒಂದು ಕಥೆ, ಡ್ರಾ ಅಂತ ಮುಂಚೇನೇ ಹೇಳೋಕೆ ಯಾರಿಗೂ ಧೈರ್ಯ ಬರಲ್ಲ, ಇವನು ಹಿಂದಿನ ದಿನಾನೇ ಹೇಳಿದ್ದ. ಮೂರನೇದು ಅವೇ ಟೀಂ, ಅಂದ್ರೆ ಹೊರಗಿಂದ ಬಂದು ಆಡೋ ಟೀಂ, ಗೆಲ್ಲತ್ತೆ ಅಂದ, ಗೆಲ್ತು. ನಾಲ್ಕನೇದೂ ಸರಿ. ನಾಲ್ಕಕ್ಕೆ ನಾಲ್ಕು. ಅವತ್ತು ರಾತ್ರಿ ನಾನೇ ಅವನಿಗೆ ಮೆಸೇಜ್ ಮಾಡಿದೆ, ಅವನಲ್ಲ, ನಾನೇ, "ವಿಐಪಿ ಸೇರೋಕೆ ಎಷ್ಟು?" ಅಂತ. ಈಗ ಆ ಮೆಸೇಜ್ ನೋಡಿದ್ರೆ ನನ್ನ ಕೆನ್ನೆಗೆ ನಾನೇ ಬಾರಿಸ್ಕೋಬೇಕು ಅನ್ಸತ್ತೆ.

ವಿಐಪಿ ಅಂದ್ರೆ ದುಡ್ಡು ಕೊಟ್ಟು ಟಿಪ್ ತಗೊಳ್ಳೋರ ಗ್ರೂಪ್, ಅದಕ್ಕೆ ಫೀಸ್ ಕಟ್ಟಿದೆ. ಅದರ ಜೊತೆ ಒಂದು ಲಿಂಕ್ ಕಳಿಸಿ "ಈ ಲಿಂಕ್‌ನಿಂದಾನೇ ಅಕೌಂಟ್ ಓಪನ್ ಮಾಡಿ ಸರ್, ಬೇರೆ ಕಡೆ ಆಡ್ಸ್ ಚೆನ್ನಾಗಿರಲ್ಲ" ಅಂದ. (ಆಡ್ಸ್ ಅಂದ್ರೆ ಗೆದ್ರೆ ಹಾಕಿದ ದುಡ್ಡಿನ ಎಷ್ಟು ಪಟ್ಟು ವಾಪಸ್ ಬರತ್ತೆ ಅನ್ನೋದು.) ಆ ಲಿಂಕ್ ಯಾಕೆ ಅಂತ ಆಗ ಹೊಳೀಲಿಲ್ಲ, ಆಮೇಲೆ ಹೇಳ್ತೀನಿ.

ವಿಐಪಿ ಮ್ಯಾಚ್ ಶನಿವಾರ. ಹೋಮ್ ಟೀಂ ಟೇಬಲ್‌ನಲ್ಲಿ ಮೂರನೇದು, ಬಂದಿದ್ದು ಕೆಳಗಿಂದ ಎರಡನೇದು. ಆಡ್ಸ್ 1.45. ಅವನ ಮೆಸೇಜ್: "ಹೋಮ್ ವಿನ್ ಫಿಕ್ಸ್. ಒಳಗಿನ ಮಾಹಿತಿ. 100% ಪಕ್ಕಾ. ಯಾರಿಗೂ ಹೇಳ್ಬೇಡಿ ಸರ್, ಹತ್ತೇ ಜನಕ್ಕೆ ಕೊಟ್ಟಿರೋದು." ಈ ಮೆಸೇಜ್ ಬಂದಿದ್ದು ಶುಕ್ರವಾರ ಸಂಜೆ 6:42ಕ್ಕೆ. ಲೈನಪ್ ಅನೌನ್ಸ್ ಆಗೋದು ಕಿಕಾಫ್‌ಗೆ ಒಂದು ಗಂಟೆ, ಒಂದೂಕಾಲು ಗಂಟೆ ಮುಂಚೆ, ಯಾರು ಆಡ್ತಾರೆ ಅಂತಾನೇ ಗೊತ್ತಿಲ್ದೇ ಇವನಿಗೆ ರಿಸಲ್ಟ್ ಹೆಂಗೆ ಗೊತ್ತು ಅಂತ ನನ್ನ ಹದಿನಾಲ್ಕು ವರ್ಷದ ತಲೆಗೆ ಬರಬೇಕಿತ್ತು. ಬರಲಿಲ್ಲ. ಫಿಕ್ಸ್ ಅನ್ನೋ ಪದ ಕೇಳಿದ್ಮೇಲೆ ತಲೆ ಕೆಲ್ಸ ಮಾಡಲ್ಲ, ಮೂಗಿಗೆ ತುಪ್ಪ ಸವರಿದ ಹಾಗೆ. ಆ ತಿಂಗಳ ಸಂಬಳದಲ್ಲಿ ಅರ್ಧ ಹಾಕಿಬಿಟ್ಟೆ.

23ನೇ ನಿಮಿಷಕ್ಕೆ ಗೋಲ್. 1-0. ನಾನು ಸೋಫಾ ಮೇಲೆ ರಾಜನ ಥರ ಕೂತಿದೀನಿ. ಸೆಕೆಂಡ್ ಹಾಫ್‌ನಲ್ಲಿ ಹೋಮ್ ಟೀಂನ ಒಬ್ಬ ಡಿಫೆಂಡರ್‌ಗೆ ಎರಡನೇ ಯೆಲ್ಲೋ ಕಾರ್ಡ್, ಅಂದ್ರೆ ರೆಡ್ ಕಾರ್ಡ್, ಹೊರಗೆ. ಸರಿ, ಹತ್ತು ಜನ ಇದ್ರೂ ಫಿಕ್ಸ್ ಅಲ್ವಾ, ಏನಾಗಲ್ಲ. 89ನೇ ನಿಮಿಷ, ಕಾರ್ನರ್, ಯಾರದೋ ಮೊಣಕಾಲಿಗೆ ತಾಗಿ ಬಾಲ್ ಒಳಗೆ. 1-1. ಹೊಡೆದೋನಿಗೂ ಗೊತ್ತಿರ್ಲಿಲ್ಲ ಅನ್ಸತ್ತೆ, ಅವನ ಮುಖ ನೋಡ್ಬೇಕಿತ್ತು. ಇಂಗು ತಿಂದ ಮಂಗನ ಹಾಗೆ ಟಿವಿ ಮುಂದೆ ಕೂತಿದ್ದೆ.

ಆಮೇಲೆ ಅವನ ಉತ್ತರಗಳು. ಇವು ನಂಗೆ ಬಾಯಿಪಾಠ ಆಗಿವೆ.

ನಾನು: "ಏನ್ರೀ ಇದು, ಫಿಕ್ಸ್ ಅಂದ್ರಲ್ಲ?"
ಅವನು: "ಸರ್ ರೆಡ್ ಕಾರ್ಡ್ ನೋಡಿದ್ರಲ್ಲ, ರೆಫರಿ ಹಾಳು ಮಾಡಿದ."
ನಾನು: "ಫಿಕ್ಸ್ ಆಗಿದ್ರೆ ರೆಫರಿ ಹೆಂಗ್ರೀ ಹಾಳು ಮಾಡ್ತಾನೆ?"
ಅರ್ಧ ಗಂಟೆ ಸುಮ್ನಿದ್ದ. ಆಮೇಲೆ: "ಸರ್ ಫುಟ್ಬಾಲ್‌ನಲ್ಲಿ 100% ಅಂತ ಏನೂ ಇರಲ್ಲ ಸರ್, ನಿಮಗೆ ಗೊತ್ತಿಲ್ಲದ್ದೇನಲ್ಲ."

ನಿಮಗೆ ಗೊತ್ತಿಲ್ಲದ್ದೇನಲ್ಲ ಅಂತೆ! ಹಿಂದಿನ ದಿನ 100% ಪಕ್ಕಾ ಅಂದ ಅದೇ ಬೆರಳಲ್ಲಿ ಟೈಪ್ ಮಾಡಿದಾನೆ.

ಇಲ್ಲಿಗೆ ನಿಲ್ಸಿದ್ರೆ ಅರ್ಧ ಸಂಬಳಕ್ಕೆ ಮುಗೀತಿತ್ತು. ನಿಲ್ಸಲಿಲ್ಲ. "ರಿಕವರಿ ಮ್ಯಾಚ್ ಕೊಡ್ತೀನಿ ಸರ್, ಭಾನುವಾರ ಎಲ್ಲಾ ವಾಪಸ್" ಅಂದ, ಐದು ಮ್ಯಾಚ್ ಒಟ್ಟಿಗೆ ಸೇರಿಸಿ ಒಂದು ಅಕ್ಯುಮುಲೇಟರ್ (ಒಂದು ಸೋತ್ರೂ ಪೂರ್ತಿ ದುಡ್ಡು ಹೋಗೋ ಬೆಟ್), ಐದೂ ದೊಡ್ಡ ಟೀಂ, ಐದೂ ಗೆಲ್ಲೋ ಟೀಂ. ನೋಡೋಕೆ ಎಷ್ಟು ಸೇಫ್ ಅನ್ಸತ್ತೆ ಗೊತ್ತಾ. ಒಂದೊಂದು ಟೀಂ ಗೆಲ್ಲೋ ಚಾನ್ಸ್ 70% ಅಂತಾನೇ ಇಟ್ಕೊಳ್ಳಿ, ಐದೂ ಗೆಲ್ಬೇಕು ಅಂದ್ರೆ 0.7ನ ಐದು ಸಲ ಗುಣಿಸ್ಬೇಕು, ಬರೋದು ಸುಮಾರು 17%. ಆರು ಸಲ ಕಟ್ಟಿದ್ರೆ ಒಂದು ಸಲ ಬಂದ್ರೆ ಪುಣ್ಯ. ಈ ಲೆಕ್ಕ ನಾನು ಮಾಡಿದ್ದು ಸೋತ್ಮೇಲೆ. ಮೂರು ಗೆದ್ವು, ಎರಡು ಕೈ ಕೊಟ್ವು. ಅವನ ಉತ್ತರ "ಐದರಲ್ಲಿ ಮೂರು ಸರಿ ಸರ್, 60% ಸಕ್ಸೆಸ್!" ನನ್ನ ದುಡ್ಡು 100% ಹೋಗಿದೆ ಮಾರಾಯ.

ಇಷ್ಟಾದ್ರೂ ನನಗೆ ಮೋಸ ಅಂತ ಅನ್ಸಿರ್ಲಿಲ್ಲ, ಅದನ್ನ ಗಮನಿಸಿ. ನನ್ನ ನಸೀಬು ಸರಿಯಿಲ್ಲ, ರೆಡ್ ಕಾರ್ಡ್ ಬರದಿದ್ರೆ ಗೆಲ್ತಿದ್ವಿ, ಮೊದಲ ನಾಲ್ಕು ಸರಿಯಾಗಿ ಹೇಳಿದ್ನಲ್ಲ ಪಾಪ ಅಂತಾನೇ ತಲೇಲಿ ಓಡ್ತಿತ್ತು. ಆ ನಾಲ್ಕು, ಆ ನಾಲ್ಕೇ ನನ್ನ ಹಿಡ್ಕೊಂಡಿದ್ದು.

ಸೋಮವಾರ ಆಫೀಸಲ್ಲಿ ನನ್ನ ಪಕ್ಕ ಕೂರೋ ಗೆಳೆಯ ಬಹಳ ಖುಷಿಯಲ್ಲಿದ್ದ. ಏನೋ ಸಮಾಚಾರ ಅಂದೆ. ಹತ್ರ ಬಂದು ಮೆಲ್ಲಗೆ, "ಶನಿವಾರದ ಆ ಮ್ಯಾಚ್ ಡ್ರಾ ಆಯ್ತಲ್ಲ, ನಾನು ಡ್ರಾ ಮೇಲೇ ಹಾಕಿದ್ದೆ ಕಣೋ, ಒಬ್ಬ ಗುರು ಸಿಕ್ಕಿದಾನೆ, ನಿಂಗೂ ನಂಬರ್ ಕೊಡ್ಲಾ?" ಅಂದ. ನಂಬರ್ ತೋರಿಸಿದ. ಓದೋ ಮುಂಚೇನೇ ಹೊಟ್ಟೆಯೊಳಗೆ ಏನೋ ತಣ್ಣಗಾಯ್ತು. ಕೊನೆ ನಾಲ್ಕು ಅಂಕಿ ನಂಗೆ ಬಾಯಿಪಾಠ. ನನ್ನ ಫೋನ್ ತೆಗ್ದು ಅವನ ಫೋನ್ ಪಕ್ಕ ಇಟ್ಟೆ. ಅದೇ ಅಡ್ಮಿನ್. ಅದೇ ಶುಕ್ರವಾರ. ನಂದು 6:42, ಅವನದು 6:44. ನಂದ್ರಲ್ಲಿ "ಹೋಮ್ ವಿನ್ ಫಿಕ್ಸ್. ಒಳಗಿನ ಮಾಹಿತಿ." ಅವನದ್ರಲ್ಲಿ "ಡ್ರಾ ಫಿಕ್ಸ್. ಒಳಗಿನ ಮಾಹಿತಿ." ಹಿಂದಿನ ಪದ, ಮುಂದಿನ ಪದ, ಹತ್ತೇ ಜನ, ಯಾರಿಗೂ ಹೇಳ್ಬೇಡಿ ಸರ್, ಎಲ್ಲಾ ಅದೇ. ಬದಲಾಗಿರೋದು ಒಂದೇ ಕಡೆ. ಎರಡು ನಿಮಿಷದಲ್ಲಿ ಅಷ್ಟೇ ಬದಲಾಯಿಸಿ ಕಳಿಸಿದಾನೆ. ಅವೇ ವಿನ್ ಫಿಕ್ಸ್ ಅಂತ ಇನ್ಯಾರಿಗೋ 6:46ಕ್ಕೆ ಹೋಗಿರತ್ತೆ ಅಂತ ಹೇಳೋಕೆ ಜ್ಯೋತಿಷಿ ಬೇಕಾ?

ಕೂತು ಲೆಕ್ಕ ಹಾಕಿದೆ. 810 ಜನಕ್ಕೆ ಮೊದಲ ಮ್ಯಾಚ್ ಕಳಿಸ್ತಾನೆ ಅಂದ್ಕೊಳ್ಳಿ. 270 ಜನಕ್ಕೆ ಹೋಮ್, 270ಕ್ಕೆ ಡ್ರಾ, 270ಕ್ಕೆ ಅವೇ. ಮ್ಯಾಚ್ ಏನೇ ಆಗ್ಲಿ 270 ಜನಕ್ಕೆ ಸರಿ ಹೇಳಿದ ಹಾಗಾಯ್ತು, ಉಳಿದವರಿಗೆ ಮತ್ತೆ ಮೆಸೇಜೇ ಇಲ್ಲ. ಎರಡನೇ ಮ್ಯಾಚ್‌ಗೆ 90, ಮೂರನೇದಕ್ಕೆ 30, ನಾಲ್ಕನೇದಕ್ಕೆ 10. ಆ ಹತ್ತು ಜನಕ್ಕೆ ಇವನು ದೇವರು, ನಾಲ್ಕಕ್ಕೆ ನಾಲ್ಕು. ಫುಟ್ಬಾಲ್ ಗೊತ್ತಿರೋದೇ ಬೇಡ, ಮೂರರಿಂದ ಭಾಗಿಸೋಕೆ ಬಂದ್ರೆ ಸಾಕು! "ಹತ್ತೇ ಜನಕ್ಕೆ ಕೊಟ್ಟಿರೋದು" ಅಂದಿದ್ನಲ್ಲ, ಹಾಗೆ ನೋಡಿದ್ರೆ ಅದೊಂದೇ ನಿಜ ಇರಬಹುದೇನೋ.

ನನ್ನ ಗೆಳೆಯ ಏನಂದ ಗೊತ್ತಾ? "ಇಲ್ಲ ಕಣೋ, ನಿಂಗೆ ತಪ್ಪಾಗಿ ಕಳ್ಸಿರ್ಬೇಕು." ಎರಡು ಫೋನ್ ಕಣ್ಮುಂದೆ ಇದೆ! ಗೆದ್ದೋನಿಗೆ ಕಣ್ಣು ಕಾಣಲ್ಲ. ಅವನು ಇನ್ನೂ ಎರಡು ವಾರ ದುಡ್ಡು ಹಾಕಿ, ಗೆದ್ದಿದ್ದೂ ಸೇರಿ ಕಳ್ಕೊಂಡ ಮೇಲೇ ನನ್ನ ಜೊತೆ ಕಾಫಿಗೆ ಬಂದಿದ್ದು.

ಎರಡೂ ಸ್ಕ್ರೀನ್‌ಶಾಟ್ ಅಡ್ಮಿನ್‌ಗೆ ಕಳಿಸಿದೆ. ನೀಲಿ ಟಿಕ್ ಬಂತು. ಟೈಪಿಂಗ್, ನಿಂತ್ಹೋಯ್ತು, ಮತ್ತೆ ಟೈಪಿಂಗ್. "ಸರ್ ಅದು ನನ್ನ ಅಸಿಸ್ಟೆಂಟ್ ಕಳ್ಸಿದ್ದು." ಯಾವುದು, ನಂಗೆ ಕಳ್ಸಿದ್ದಾ ಅವನಿಗೆ ಕಳ್ಸಿದ್ದಾ? "ಸರ್ ನೀವು ಓವರ್ ಥಿಂಕ್ ಮಾಡ್ತಿದೀರ." ದುಡ್ಡು ವಾಪಸ್ ಕೊಡಿ ಅಂದೆ. ಅಲ್ಲಿಗೆ ಸರ್ ಹೋಯ್ತು. "ನಿನ್ ಕೈಯಿಂದ ನೀನೇ ಹಾಕಿದ್ದು ಬ್ರೋ, ನಾನು ಬಂದು ಬಟನ್ ಒತ್ತಿದ್ನಾ?" ಅಂದ. ಐದು ನಿಮಿಷಕ್ಕೆ ವಿಐಪಿ ಗ್ರೂಪ್‌ನಿಂದ ಹೊರಗೆ, ಅವನು ಕಳ್ಸಿದ್ದ ಮೆಸೇಜೆಲ್ಲಾ ಡಿಲೀಟ್. ಸ್ಕ್ರೀನ್‌ಶಾಟ್ ಮೊದ್ಲೇ ತೆಗೆದಿದ್ದೆ, ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ ಅದು. ಬಟನ್ ಮಾತು ಮಾತ್ರ ಇನ್ನೂ ಚುಚ್ಚತ್ತೆ, ಯಾಕಂದ್ರೆ ಒತ್ತಿದ್ದು ನಾನೇ.

ಆ ಲಿಂಕ್ ವಿಷ್ಯ. ತುಂಬಾ ಬೆಟ್ಟಿಂಗ್ ಸೈಟ್‌ಗಳು ಗಿರಾಕಿ ಕರ್ಕೊಂಡು ಬಂದೋರಿಗೆ ಆ ಗಿರಾಕಿ ಕಳ್ಕೊಳ್ಳೋ ದುಡ್ಡಲ್ಲೇ ಪಾಲು ಕೊಡ್ತವೆ. ಅಂದ್ರೆ ನಾನು ಸೋತಷ್ಟೂ ಟಿಪ್ ಕೊಟ್ಟೋನಿಗೆ ಲಾಭ. ಫೀಸೂ ಅವನಿಗೆ, ಸೋಲಲ್ಲಿ ಪಾಲೂ ಅವನಿಗೆ. ಅಂಥೋನ ಹತ್ರ ನಾನು ಗೆಲ್ಲೋ ದಾರಿ ಕೇಳ್ತಿದ್ದೆ.

ಹೋಗ್ಲಿ, ಟಿಪ್‌ಸ್ಟರ್ ಪ್ರಾಮಾಣಿಕನೇ ಅಂದ್ಕೊಳ್ಳೋಣ. ಆಗ್ಲೂ ಲೀಗ್ ಮ್ಯಾಚ್ ಪಕ್ಕಾ ಅಂತ ಯಾರು ಹೇಳ್ತಾರ್ರೀ? ಆರ್ಸೆನಲ್ 2003-04ರಲ್ಲಿ ಇಡೀ ಲೀಗ್‌ನಲ್ಲಿ ಒಂದೂ ಸೋಲಲಿಲ್ಲ, ಆದ್ರೂ 38ರಲ್ಲಿ ಗೆದ್ದಿದ್ದು 26, ಡ್ರಾ 12. ಸೋಲೇ ಇಲ್ಲದ ಟೀಂ ಮೇಲೆ ಪ್ರತಿ ವಾರ ಗೆಲ್ಲತ್ತೆ ಅಂತ ಕಟ್ಟಿದ್ರೂ ಹನ್ನೆರಡು ಸಲ ದುಡ್ಡು ಹೋಗ್ತಿತ್ತು. ಲಿವರ್‌ಪೂಲ್ ಚಾಂಪಿಯನ್ ಆದ್ಮೇಲೆ ಮುಂದಿನ ಸೀಸನ್‌ನಲ್ಲೇ, 2020ರ ಅಕ್ಟೋಬರ್ 4ಕ್ಕೆ, ಆಸ್ಟನ್ ವಿಲ್ಲಾ ಹತ್ರ 7-2 ತಿಂತು. ಆ ಮ್ಯಾಚ್ ನಾನು ಲೈವ್ ನೋಡಿದೀನಿ! ನೋಡಿಯೂ 100% ನಂಬಿದೆ. ಈ ಆಟದಲ್ಲಿ ಗೋಲೇ ಕಮ್ಮಿ, ಒಂದು ಮೊಣಕಾಲು ಸಾಕು ಎಲ್ಲಾ ಉಲ್ಟಾ ಆಗೋಕೆ. ಎಕ್ಸ್‌ಪೆಕ್ಟೆಡ್ ಗೋಲ್ (ಸಿಕ್ಕ ಚಾನ್ಸ್ ನೋಡಿ ಎಷ್ಟು ಗೋಲ್ ಆಗ್ಬೇಕಿತ್ತು ಅನ್ನೋ ಅಂದಾಜು) ಅದೂ ಇದೂ ಇಟ್ಕೊಂಡು ಮಾಡೆಲ್ ಕಟ್ಟೋರು ಕೂಡ ಇಷ್ಟು ಪರ್ಸೆಂಟ್ ಚಾನ್ಸ್ ಅಂತಾರೆ ಹೊರತು ಫಿಕ್ಸ್ ಅನ್ನಲ್ಲ.

ಫಿಕ್ಸಿಂಗ್ ಇಲ್ವೇ ಇಲ್ಲ ಅಂತಿಲ್ಲ. 2005ರಲ್ಲಿ ಜರ್ಮನಿಯ ರೆಫರಿ ರಾಬರ್ಟ್ ಹೊಯ್ಜರ್ ಸಿಕ್ಕಿಬಿದ್ದು ಜೈಲು ಶಿಕ್ಷೆ ಆಯ್ತು, 2006ರ ಇಟಲಿ ಹಗರಣದಲ್ಲಿ ಯುವೆಂಟಸ್ ಟೀಂನ ಎರಡನೇ ಡಿವಿಷನ್‌ಗೇ ಇಳಿಸಿದ್ರು. ಆದ್ರೆ ಅಂಥ ಗುಟ್ಟು ಕೈಗೆ ಸಿಕ್ಕೋನು ಬಾಯಿಗೆ ಬೀಗ ಹಾಕ್ಕೊಂಡು ತಾನೇ ಬಾಚ್ಕೋತಾನೆ, ಕೂತು ನಂಗೆ ಸರ್ ಸರ್ ಅಂತ ಮೆಸೇಜ್ ಮಾಡ್ತಾನಾ?

ಇನ್ನೊಂದು. ಆಡ್ಸ್‌ನಲ್ಲೇ ಸೈಟ್‌ನವರ ಪಾಲು ಇರತ್ತೆ. ಹೋಮ್ 1.80, ಡ್ರಾ 3.60, ಅವೇ 4.50 ಅಂತಿದ್ರೆ 100ನ ಒಂದೊಂದರಿಂದ ಭಾಗಿಸಿ (ಆಡ್ಸ್ ಪ್ರಕಾರ ಆಯಾ ರಿಸಲ್ಟ್‌ನ ಚಾನ್ಸ್ ಇಷ್ಟು ಪರ್ಸೆಂಟ್ ಅಂತ) ಕೂಡಿಸಿ ನೋಡಿ. 100 ಬರ್ಬೇಕು ಅಲ್ವಾ, ಬರೋದು 105.6. ಆ ಮೇಲಿನ 5.6 ಅವರ ಜೇಬಿಗೆ. ಟಿಪ್ ಫೀಸ್ ಬೇರೆ ಕೊಟ್ರೆ ಆಟ ಶುರುವಾಗೋ ಮುಂಚೇನೇ ನೀವು ಹಿಂದೆ.

ಅದಕ್ಕೆ, ಫ್ರೀ ಟಿಪ್ ನಾಲ್ಕು ಸರಿ ಬಂತು ಅಂತ ನಂಬ್ಬೇಡಿ, ಅದೇ ಗಾಳ. ಅವರು ಕೊಟ್ಟ ಲಿಂಕ್ ಮುಟ್ಬೇಡಿ. ಗೊತ್ತಿರೋರು ಯಾರಾದ್ರೂ ಅದೇ ಗುರು ಹತ್ರ ಇದ್ರೆ ಎರಡು ಫೋನ್ ಪಕ್ಕಪಕ್ಕ ಇಟ್ಟು ನೋಡಿ, ಅಷ್ಟೇ. ಹಳೇ ರೆಕಾರ್ಡ್ ಅಂತ ಗೆದ್ದ ಸ್ಲಿಪ್‌ಗಳ ಫೋಟೋ ಕಳಿಸ್ತಾರೆ, ಅಂಥ ಫೋಟೋ ಎಡಿಟ್ ಮಾಡೋಕೆ ಎಷ್ಟು ಹೊತ್ತು? "ರಿಕವರಿ" ಅನ್ನೋ ಪದ ಕೇಳಿದ ತಕ್ಷಣ ಫೋನ್ ಆಚೆ ಇಡಿ. ನಾನು ಇಡಲಿಲ್ಲ. ಮನೇಲಿ ಇನ್ನೂ ಹೇಳಿಲ್ಲ, ಸಂಬಳ ಎಲ್ಲೋಯ್ತು ಅಂದ್ರೆ ಗಾಡಿ ರಿಪೇರಿ ಅಂದಿದೀನಿ.

ಮೊನ್ನೆ ಹೊಸ ನಂಬರ್‌ನಿಂದ ಮೆಸೇಜ್ ಬಂತು. "ಸರ್, ನಾಲ್ಕು ಮ್ಯಾಚ್ ಫ್ರೀ, ಬೆಟ್ಟೂ ಕಟ್ಬೇಡಿ, ಸುಮ್ನೆ ನೋಡಿ." ಅಕ್ಷರ ಅಕ್ಷರ ಅದೇ. ಅವನಿಗೆ ನಾನು ಹಳೇ ಗಿರಾಕಿ ಅಂತಾನೂ ಗೊತ್ತಿಲ್ಲ, ಲಿಸ್ಟ್‌ನಲ್ಲಿ ಒಂದು ನಂಬರ್ ಅಷ್ಟೇ. ಕೆಳಗೆ ಟೀಂ ಹೆಸರಿತ್ತು, ಡ್ರಾ ಅಂತ ಬರೆದಿದ್ದ. ಸುಳ್ಳು ಯಾಕೆ ಹೇಳ್ಲಿ, ಆ ಟೀಂದು ಕಳೆದ ಐದು ಮ್ಯಾಚ್ ರಿಸಲ್ಟ್ ತೆಗ್ದು ನೋಡಿದೆ. ಆಮೇಲೆ ಬ್ಲಾಕ್ ಮಾಡಿದೆ.