ಲಿಮಿಟ್ ಪಾಠದ ವಿಡಿಯೊ ಕೋರ್ಸ್: ಉತ್ತರ ಸಿಗುತ್ತದೆ, ಕಾರಣ ಸಿಗುವುದಿಲ್ಲ

ಕ್ಯಾಲ್ಕುಲಸ್ ಮೊದಲಿಂದ ಕಲಿಯೋಣ ಅಂತ ಒಂದು ವಿಡಿಯೊ ಕೋರ್ಸ್ ಸೇರಿದ್ದೆ. ಯಾವುದು ಅಂತ ಹೇಳಲ್ಲ. ರ್ಯಾಷನಲ್ ಫಂಕ್ಷನ್‌ಗಳ (ಒಂದು ಬಹುಪದವನ್ನು ಇನ್ನೊಂದರಿಂದ ಭಾಗಿಸಿದ್ದು) ಲಿಮಿಟ್ ಪಾಠದ ಬಗ್ಗೆ ಮಾತ್ರ ಬರೆಯುತ್ತೇನೆ. ಲಿಮಿಟ್ ಅಂದರೆ ಎಕ್ಸ್ ಒಂದು ಸಂಖ್ಯೆಯ ಹತ್ತಿರ ಹೋದಂತೆ ಫಂಕ್ಷನ್‌ನ ಬೆಲೆ ಯಾವುದರ ಹತ್ತಿರ ಹೋಗುತ್ತದೋ ಅದು.

ಶುರು ಚೆನ್ನಾಗಿದೆ. (ಎಕ್ಸ್² − 4)/(ಎಕ್ಸ್ − 2) ತೆಗೆದುಕೊಂಡು, ಎಕ್ಸ್ ಜಾಗದಲ್ಲಿ 2 ಹಾಕಿದರೆ 0/0 ಬರುತ್ತದೆ ಅಂತ ತೋರಿಸಿ, ಸೂತ್ರಕ್ಕೆ ಹಾರದೆ 1.9, 1.99, 2.01 ಹಾಕಿ ನೋಡಿ ಅನ್ನುತ್ತಾರೆ. ಬರುವುದು 3.9, 3.99, 4.01. 4ರ ಕಡೆಗೆ ಹೋಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ ಅಂಶವನ್ನು (ಮೇಲಿನದನ್ನು) (ಎಕ್ಸ್ − 2)(ಎಕ್ಸ್ + 2) ಅಂತ ಅಪವರ್ತಿಸಿ, ಮೇಲೆ ಕೆಳಗೆ (ಎಕ್ಸ್ − 2) ಹೊಡೆದು ಹಾಕಿ, ಉಳಿದ ಎಕ್ಸ್ + 2ರಲ್ಲಿ 2 ಹಾಕುತ್ತಾರೆ. ಮುಗಿಯಿತು.

ಆದರೆ ಹಾಗೆ ಹೊಡೆದು ಹಾಕಬಹುದು ಯಾಕೆ? ಸೊನ್ನೆಯಿಂದ ಭಾಗಿಸಬಾರದು ಅಂತ ಚಿಕ್ಕಂದಿನಿಂದ ಬೈಸಿಕೊಂಡವರಿಗೆ ಅನುಮಾನ ಬರುವುದೇ ಇಲ್ಲಿ ಅಲ್ವಾ! ವಿಡಿಯೊ ಮೂರು ಸಲ ನೋಡಿದೆ, ಒಂದು ಮಾತಿಲ್ಲ. ಕೊನೆಗೆ ನಾನೇ ಗ್ರಾಫ್ ಬರೆದಾಗ ಹೊಳೆಯಿತು: ಎಕ್ಸ್ 2ರ ಹತ್ತಿರ ಹೋಗುತ್ತದೆ, 2 ಆಗುವುದಿಲ್ಲ, ಹಾಗಾಗಿ ಎಕ್ಸ್ − 2 ಸೊನ್ನೆ ಅಲ್ಲ, ಧೈರ್ಯವಾಗಿ ಹೊಡೆಯಬಹುದು. ಸರಳರೇಖೆ, ಅದರಲ್ಲಿ ಒಂದೇ ಒಂದು ತೂತು, ಅಷ್ಟೇ.

ಇನ್ನೂ ಬೇಜಾರಾದದ್ದು ಲೋಪಿಟಾಲ್ ನಿಯಮದ ವಿಷಯಕ್ಕೆ: ಮೇಲಿನದರ, ಕೆಳಗಿನದರ ಡೆರಿವೇಟಿವ್ (ಬದಲಾಗುವ ದರ) ಬೇರೆ ಬೇರೆ ತೆಗೆದು, ಅವುಗಳ ಭಾಗಾಕಾರದ ಲಿಮಿಟ್ ನೋಡುವುದು. ಡೆರಿವೇಟಿವ್ ಪಾಠವೇ ಬಂದಿಲ್ಲ, ಆದರೂ ಸುಮ್ನೆ "ಶಾರ್ಟ್‌ಕಟ್" ಅಂತ ಕೊಟ್ಟುಬಿಡುತ್ತಾರೆ. 0/0 ಅಥವಾ ಅನಂತ/ಅನಂತ ಬಂದಾಗ ಮಾತ್ರ ಅದನ್ನು ಬಳಸಬೇಕು ಅನ್ನುವ ಎಚ್ಚರಿಕೆ ಎಲ್ಲೂ ಇಲ್ಲ. ಕ್ವಿಜ್‌ನಲ್ಲಿ (ಎಕ್ಸ್² + 1)/(ಎಕ್ಸ್ − 1), ಎಕ್ಸ್ 2ಕ್ಕೆ ಹೋದಾಗ ಎಷ್ಟು ಅಂತ ಕೇಳಿದ್ದರು. ನಾನು ಜಾಣನ ಹಾಗೆ ಶಾರ್ಟ್‌ಕಟ್ ಹಾಕಿ, 2ಎಕ್ಸ್/1 ಮಾಡಿ, 4 ಅಂದೆ. ನೇರವಾಗಿ 2 ಹಾಕಿದ್ದರೆ 5/1, ಅಂದರೆ 5. ಪರದೆ ಮೇಲೆ ಕೆಂಪು ಗುರುತು ಬಂತು, ವಿವರಣೆ ಬರಲಿಲ್ಲ.

ಅನಂತದ ಕಡೆಗಿನ ಲಿಮಿಟ್ ಪಾಠ ಮಾತ್ರ ನಿಜಕ್ಕೂ ಇಷ್ಟವಾಯಿತು. (3ಎಕ್ಸ್² + 5)/(2ಎಕ್ಸ್² − ಎಕ್ಸ್) ಅನ್ನು ಮೇಲೆ ಕೆಳಗೆ ಎರಡೂ ಕಡೆ ಎಕ್ಸ್²ರಿಂದ ಭಾಗಿಸಿ, ಎಕ್ಸ್ ದೊಡ್ಡದಾಗುತ್ತಾ ಹೋದಂತೆ ಚಿಕ್ಕ ಪದಗಳೆಲ್ಲ ಕರಗಿ 3/2 ಉಳಿಯುವುದನ್ನು ನಿಧಾನವಾಗಿ ತೋರಿಸುತ್ತಾರೆ. ಎಕ್ಸ್ 2ರ ಹತ್ತಿರ ಹೋದಾಗ 1/(ಎಕ್ಸ್ − 2) ಎಡದಿಂದ ಕೆಳಗೆ, ಬಲದಿಂದ ಮೇಲೆ ಓಡುವ ಚಿತ್ರವೂ ಚೆನ್ನಾಗಿದೆ.

ಐದಕ್ಕೆ ಮೂರು ಸ್ಟಾರ್. ಸೇರುವುದಾದರೆ ಪಕ್ಕದಲ್ಲಿ ಗ್ರಾಫ್ ಹಾಳೆ ಇಟ್ಟುಕೊಳ್ಳಿ, ಶಾರ್ಟ್‌ಕಟ್ ವಿಡಿಯೊ ಸದ್ಯಕ್ಕೆ ಬಿಟ್ಟುಬಿಡಿ.